ತರಗೆಲೆಯ ತಕರಾರು

ಫೆಬ್ರವರಿಯ ಒಂದು ಭಾನುವಾರ ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ, ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯವರು ಗಂಟಲು ಸರಿಮಾಡಿಕೊಂಡರು. "ಸರ್, ನಿಮ್ಮ ಹೊಂಗೆಮರ ನಮ್ಮ ಲಾನನ್ನು ಹಾಳು ಮಾಡುತ್ತಿದೆ." ಅವರ ಕೈಯಲ್ಲಿ ಎಲೆ ಊದುವ ಹೊಸ ಯಂತ್ರ. ಅದು ಇಡೀ ಬೀದಿಯ ನಿದ್ದೆ ಕೆಡಿಸಿ, ಅವರ ಹುಲ್ಲಿನ ಮೇಲಿದ್ದುದನ್ನೆಲ್ಲ ನಮ್ಮ ಅಂಗಳಕ್ಕೆ ರವಾನಿಸಿತು. ಮರ ನಮ್ಮದಾದ ಮೇಲೆ ಎಲೆಯೂ ನಮ್ಮದೇ ಎಂಬ ನ್ಯಾಯ.

ನಮ್ಮ ದೊಡ್ಡಪ್ಪ ಈ ನ್ಯಾಯ ಕೇಳಿದ್ದರೆ ಅವರನ್ನು ಅಪ್ಪಿಕೊಳ್ಳುತ್ತಿದ್ದರು. ಸಾಗರದ ಕಡೆ ಅವರಿಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಬೇಕಾದ ಸೊಪ್ಪು, ತರಗು ತಂದುಕೊಳ್ಳಲು ಸರ್ಕಾರ ಬಿಟ್ಟುಕೊಟ್ಟ ಕಾಡು. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರೆಂದರೆ ಎಲೆಗೆ ಎಷ್ಟು ಬೆಲೆಯಿತ್ತೆಂದು ಲೆಕ್ಕ ಹಾಕಿ. ಶಿವರಾತ್ರಿಯ ಹೊತ್ತಿಗೆ ತರಗು ಗುಡಿಸುವುದು ನಸುಕಿನಲ್ಲಿ, ಇಬ್ಬನಿ ಆರುವ ಮೊದಲು. ಆಗ ಎಲೆ ಮೆದುವಾಗಿರುತ್ತದೆ, ಹೆಡಿಗೆಯಲ್ಲಿ ತುಳಿದು ತುಂಬಿದರೂ ಪುಡಿಯಾಗುವುದಿಲ್ಲ. ಮಳೆಗಾಲದಲ್ಲಿ ಅದು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ, ಅಲ್ಲಿಂದ ಗೊಬ್ಬರದ ಗುಂಡಿಗೆ, ಕೊನೆಗೆ ಅಡಿಕೆಯ ಬುಡಕ್ಕೆ.

ದೊಡ್ಡಪ್ಪನ ಬೆಟ್ಟದ ಅಂಚಿನಲ್ಲೊಂದು ಮತ್ತಿಮರ. ಗಾಳಿ ಬೀಸಿದರೆ ಎಲೆ ನೆರೆಯವರ ಬೆಟ್ಟಕ್ಕೆ. ಮರ ಇದ್ದವನದೇ ಎಲೆ ಎಂದು ದೊಡ್ಡಪ್ಪ, ಬಿದ್ದ ಜಾಗದವನದು ಎಂದು ಅವರು. ಮಾತು ನಿಂತಿತು. ಮದುವೆಮನೆಯಲ್ಲಿ ಇಬ್ಬರೂ ಪಂಕ್ತಿಯ ಎರಡು ತುದಿಗೆ ಕೂತು ಉಂಡರು. ಒಂದು ದಿನ ದೊಡ್ಡಪ್ಪ ನೆರೆಯವರ ಕೊಟ್ಟಿಗೆಗೇ ನುಗ್ಗಿ ಎಲೆಯೊಂದನ್ನು ಎತ್ತಿ ಪಟೇಲರ ಜಗಲಿಗೆ ತಂದರು. ಮತ್ತಿ ಎಲೆಯ ಬೆನ್ನಿನಲ್ಲಿ, ತೊಟ್ಟಿನ ಬಳಿ, ಸಣ್ಣ ಗಂಟುಗಳಿರುತ್ತವೆ. ಅದನ್ನು ತೋರಿಸಿ, "ನೋಡಿ, ಇದು ನನ್ನ ಮರದ್ದೇ" ಎಂದರು. ಪಟೇಲರು ಎಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ಅವರ ಬೆಟ್ಟದಲ್ಲೂ ಮತ್ತಿ ಇದೆಯಲ್ಲ ಮಾರಾಯರೇ, ಆ ಗಂಟಿಗೂ ಈ ಗಂಟಿಗೂ ಏನು ವ್ಯತ್ಯಾಸ?" ಎಂದು ಕೇಳಿದರು. ಕೊನೆಗೆ ಗಡಿಗೆ ಅಗಳ ತೋಡಿಸುವುದೆಂದು ತೀರ್ಮಾನವಾಯಿತು. ಖರ್ಚು ಇಬ್ಬರದೂ ಅರ್ಧರ್ಧ. ಮರುವರ್ಷ ಎರಡೂ ಬೆಟ್ಟದ ಎಲೆ ಉರುಳಿ ಬಂದು ತುಂಬಿದ್ದು ಆ ಅಗಳವನ್ನೇ. ಮುಂದಿನ ಜಗಳವೆಲ್ಲ ಅಗಳದ ಎಲೆಗೆ. ಆಚೆಗೆ ಅಕೇಶಿಯಾ ನೆಡುತೋಪು ಎದ್ದ ಮೇಲಷ್ಟೇ ಇಬ್ಬರೂ ರಾಜಿಯಾದರು. ಅದರದು ನಿಜಕ್ಕೂ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಬೇಗ ಕೊಳೆಯುವುದೂ ಇಲ್ಲ. ಆ ದರಿದ್ರ ಸರಕು ನನಗೆ ಬೇಡ, ನೀನೇ ಇಟ್ಟುಕೋ ಎಂದು ಇಬ್ಬರೂ ಉದಾರಿಗಳಾದರು.

ಲಾನಿನ ವಿಷಯ ಹೇಳುತ್ತಿದ್ದೆ. ಎಲೆ ದಪ್ಪಗೆ ಕೂತರೆ ಬಿಸಿಲು ತಾಗದೆ ಹುಲ್ಲು ಬಿಳಿಚಿಕೊಳ್ಳುತ್ತದೆ, ಅಡಿಯಲ್ಲಿ ತೇವ ನಿಂತು ಬೂಷ್ಟು ಹಿಡಿಯುತ್ತದೆ, ಒಪ್ಪೋಣ. ತೆಳ್ಳಗಿದ್ದರೆ ಹುಲ್ಲು ಕತ್ತರಿಸುವ ಯಂತ್ರವನ್ನೇ ಮೇಲೆ ಹಾಯಿಸಿ ಪುಡಿ ಮಾಡಿ ಬಿಟ್ಟರೆ ಸಾಕು, ಅದೇ ಗೊಬ್ಬರ. ಆದರೆ ನೆರೆಮನೆಯವರ ವಿದ್ಯೆಯೆಲ್ಲ ಶೀತದೇಶದ ವಿಡಿಯೋಗಳದು. ಅಲ್ಲಿ ಅಕ್ಟೋಬರ್ ಬಂದರೆ ಎಲೆ ಉದುರುತ್ತದೆಂದು ಇವರೂ ನವರಾತ್ರಿಗೆ ಸಜ್ಜಾಗಿ ನಿಂತಿದ್ದರು. ಶಿವಮೊಗ್ಗದ ಮರಗಳಿಗೆ ಆ ಒಗ್ಗಟ್ಟು ಎಲ್ಲಿಂದ ಬರಬೇಕು? ತೇಗ ಬೇಸಿಗೆಯಿಡೀ ಬೋಳಾಗಿ ನಿಲ್ಲುತ್ತದೆ, ಹೊಂಗೆ ಉದುರಿಸಿದ ಬೆನ್ನಿಗೇ ಚಿಗುರುತ್ತದೆ, ಹಲಸು ವರ್ಷವಿಡೀ ಒಂದೊಂದೇ ಬಿಸಾಡುತ್ತಿರುತ್ತದೆ.

ಮಳೆಗಾಲದಲ್ಲಿ ಕೊಳೆಯುವ, ಮಾರ್ಚಿನಲ್ಲಿ ಟ್ಯಾಂಕರ್ ನೀರು ಕುಡಿಯುವ ಹುಲ್ಲಿಗೆ ಇಷ್ಟು ಉಪಚಾರ! ದನಕ್ಕೂ ಹಾಕುವುದಿಲ್ಲ, ಮಕ್ಕಳನ್ನು ಆಡಲೂ ಬಿಡುವುದಿಲ್ಲ. ಆದರೂ ಇವರು ವಾಸಿ. ಎದುರು ಸಾಲಿನವರು ಗುಡಿಸಿದ್ದಕ್ಕೆಲ್ಲ ಸಂಜೆ ಬೆಂಕಿ ಇಡುತ್ತಾರೆ. ಅವರ ವಿಷಯ ಎತ್ತಿದರೆ ನನ್ನ ರಕ್ತದೊತ್ತಡ ಏರುತ್ತದೆ, ವೈದ್ಯರು ಬೇಡವೆಂದಿದ್ದಾರೆ.