ಎಂಟು ಜನ, ಒಂದು ಮನೆ, ಒಂದು ಧೂಮಕೇತು

"ಅಷ್ಟು ಕಡಿಮೆ ದುಡ್ಡಲ್ಲಿ ಇಷ್ಟು ಮಾಡಿದ್ದಾರಲ್ಲ, ಮೆಚ್ಚಬೇಕು ಬಿಡಿ." ಸಣ್ಣ ಬಜೆಟ್ಟಿನ ಹಾರರ್, ಸೈಫೈ, ಥ್ರಿಲ್ಲರ್ ಸಿನಿಮಾಗಳ ಮಾತು ಬಂದಾಗೆಲ್ಲ ಯಾರಾದರೊಬ್ಬರು ಹೀಗೆ ಹೇಳೇ ಹೇಳ್ತಾರೆ. ಒಳ್ಳೆ ಮನಸ್ಸಿನಿಂದಲೇ ಹೇಳೋದು. ಆದರೂ ಕೇಳಿದಾಗ ನನಗೆ ಬೇಜಾರಾಗುತ್ತೆ. ಗ್ರೇಸ್ ಮಾರ್ಕ್ಸ್ ಕೊಟ್ಟು ಹುಡುಗನನ್ನು ಪಾಸು ಮಾಡಿಸಿದ ಹಾಗಿರುತ್ತೆ ಆ ಹೊಗಳಿಕೆ. ನಾನು ಇಂಥ ಸಿನಿಮಾಗಳನ್ನು ಹುಡುಕಿಕೊಂಡು ಹೋಗಿ ನೋಡೋದರಲ್ಲಿ ಕನಿಕರ ಎಳ್ಳಷ್ಟೂ ಇಲ್ಲ. ನೂರಾರು ಕೋಟಿ ಸುರಿದ ಸಿನಿಮಾದಲ್ಲಿ ಸಿಗದ ಒಂದು ಸುಖ ಇಲ್ಲಿ ಸಿಗುತ್ತೆ, ಅದಕ್ಕೇ ಹೋಗೋದು.

ಯಾವ ಸುಖ ಅಂತ ಹೇಳೋಕೆ 2013ರ ಅಮೆರಿಕನ್ ಸಿನಿಮಾ 'ಕೊಹೆರೆನ್ಸ್' ತಗೊಳ್ಳೋಣ. ನಿರ್ದೇಶಕ ಜೇಮ್ಸ್ ವಾರ್ಡ್ ಬರ್ಕಿಟ್ ಅದಕ್ಕೂ ಮೊದಲು 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ಥರದ ದೈತ್ಯ ಸಿನಿಮಾಗಳಿಗೆ ಸ್ಟೋರಿಬೋರ್ಡ್, ಅಂದರೆ ಶೂಟಿಂಗಿಗೆ ಮೊದಲೇ ದೃಶ್ಯಗಳನ್ನು ಚಿತ್ರವಾಗಿ, ಬರೆದವರು. ದುಡ್ಡು ಏನೇನು ಮಾಡಬಲ್ಲದು ಅನ್ನೋದನ್ನು ಹತ್ತಿರದಿಂದ ಕಂಡವರು. ಅಂಥವರು ತಮ್ಮದೇ ಮನೆಯಲ್ಲಿ, ಐದು ರಾತ್ರಿಗಳಲ್ಲಿ, ಸುಮಾರು 50 ಸಾವಿರ ಡಾಲರಿಗೆ ಈ ಸಿನಿಮಾ ತೆಗೆದರು. ಎಂಟು ಜನ ಸ್ನೇಹಿತರು ಊಟಕ್ಕೆ ಸೇರಿದ್ದಾರೆ. ಆಕಾಶದಲ್ಲಿ ಧೂಮಕೇತು ಹಾದುಹೋಗ್ತಿದೆ. ಕರೆಂಟ್ ಹೋಗುತ್ತೆ. ಬಾಗಿಲು ತೆಗೆದು ನೋಡಿದರೆ ಸುತ್ತಲೂ ಕತ್ತಲು, ಆಚೆ ಒಂದೇ ಒಂದು ಮನೆಯಲ್ಲಿ ದೀಪ. ಅಲ್ಲಿಗೆ ಹೋಗಿ ಬಂದವರ ಕೈಯಲ್ಲಿ ಒಂದು ಪೆಟ್ಟಿಗೆ. ತೆಗೆದರೆ ಒಳಗೆ ಇವರದೇ ಫೋಟೋಗಳು, ಹಿಂಬದಿಯಲ್ಲಿ ಒಂದೊಂದು ನಂಬರ್.

ಇನ್ನೊಂದು ದೃಶ್ಯ. ಕತ್ತಲಲ್ಲಿ ದಾರಿ ಕಾಣಲಿ ಅಂತ ಇವರು ನೀಲಿ ಬೆಳಕಿನ ಗ್ಲೋ ಸ್ಟಿಕ್ ಹಿಡಿದು ಹೊರಟಿದ್ದಾರೆ. ಎದುರಿನಿಂದ ಇನ್ನೊಂದು ಗುಂಪು ಬರುತ್ತೆ. ಮುಖಗಳು ಇವರವೇ. ಅವರ ಕೈಯಲ್ಲಿರೋದು ಮಾತ್ರ ಕೆಂಪು ಕಡ್ಡಿ.

ಅಷ್ಟೇ. ಗ್ರಾಫಿಕ್ಸ್ ಇಲ್ಲ, ಆಕಾಶ ಸೀಳಿಕೊಂಡು ಬರುವ ಬೆಳಕಿಲ್ಲ. ಜಾತ್ರೆಯಲ್ಲಿ ಮಕ್ಕಳಿಗೆ ಕೊಡಿಸುವಂಥ ಒಂದು ಕಡ್ಡಿ, ಅದರ ಬಣ್ಣ ಬೇರೆ. ಅಲ್ಲಿಂದಾಚೆಗೆ ಯಾರು ಬಾಗಿಲು ತೆರೆದು ಒಳಗೆ ಬಂದರೂ 'ಇವರು ಈ ಮನೆಯವರೇ ತಾನೆ?' ಅಂತ ಲೆಕ್ಕ ಹಾಕ್ತಾ ಕೂರ್ತೀವಿ. ದೊಡ್ಡ ಸಿನಿಮಾ ಎಲ್ಲವನ್ನೂ ತಾನೇ ತೋರಿಸಿ ಮುಗಿಸಿಬಿಡುತ್ತೆ. ಇಲ್ಲಿ ಅರ್ಧ ಕೆಲಸ ನೋಡುವವರ ತಲೆಯೊಳಗೆ ನಡೀಬೇಕು, ಇಲ್ಲದಿದ್ದರೆ ಸಿನಿಮಾನೇ ಇಲ್ಲ. ನನಗೆ ಇಷ್ಟವಾಗೋದು ಈ ನಂಬಿಕೆ. ನಮ್ಮನ್ನು ಬುದ್ಧಿವಂತರು ಅಂದುಕೊಂಡು ಮಾಡಿದ ಸಿನಿಮಾ ಇದು.

ನಟರಿಗೆ ಪೂರ್ತಿ ಸ್ಕ್ರಿಪ್ಟ್ ಕೊಟ್ಟಿರಲಿಲ್ಲ. ದಿನವೂ ಒಬ್ಬೊಬ್ಬರಿಗೆ ಅವರವರ ಪಾತ್ರದ ಮಟ್ಟಿಗೆ ಮಾತ್ರ ಒಂದು ಚೀಟಿ. ಪಕ್ಕದವರ ಚೀಟಿಯಲ್ಲಿ ಏನಿದೆ ಅಂತ ಗೊತ್ತಿಲ್ಲ. ಹಾಗಾಗಿ ಮಾತಿನ ಮೇಲೆ ಮಾತು ಬೀಳುತ್ತೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅರ್ಧಕ್ಕೇ ತಡೀತಾರೆ, ನಿಜವಾದ ಊಟದ ಮೇಜಿನಲ್ಲಿ ಆಗೋ ಹಾಗೆ. ದಿನಕ್ಕೆ ಲಕ್ಷಗಟ್ಟಲೆ ಬಾಡಿಗೆ ಓಡ್ತಿರುವ ಸೆಟ್ಟಿನಲ್ಲಿ ಇಂಥ ಪ್ರಯೋಗಕ್ಕೆ ಯಾವ ನಿರ್ಮಾಪಕರು ಒಪ್ಪಿಯಾರು? ದುಡ್ಡು ಕಡಿಮೆ ಇದ್ದದ್ದೇ ಆ ಸ್ವಾತಂತ್ರ್ಯ ತಂದುಕೊಟ್ಟಿತು.

ಇದೇನೂ ಹೊಸದಲ್ಲ. 1968ರಲ್ಲಿ ಪಿಟ್ಸ್‌ಬರ್ಗಿನ ಜಾರ್ಜ್ ರೊಮೆರೊ, ಅಲ್ಲಿಯವರೆಗೆ ಜಾಹೀರಾತು ತೆಗೀತಿದ್ದ ಗೆಳೆಯರ ಜೊತೆ ಸೇರಿ, 'ನೈಟ್ ಆಫ್ ದ ಲಿವಿಂಗ್ ಡೆಡ್' ಮಾಡಿದರು. ಹೆಣಗಳು ಎದ್ದು ಬಂದು ಬದುಕಿರುವವರನ್ನು ತಿನ್ನುವ ಕತೆ. ಖರ್ಚು ಸುಮಾರು 1,14,000 ಡಾಲರ್. ಕೆಡವಬೇಕೆಂದಿದ್ದ ಒಂದು ಹಳೇ ತೋಟದ ಮನೆ ಸಿಕ್ಕಿತು, ಕತೆ ಅಲ್ಲೇ ನಡೆಯಿತು. ಕಪ್ಪು ಬಿಳುಪಿನ ಚಿತ್ರವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ದುಡ್ಡು ಹಾಕಿದವರಲ್ಲಿ ಮಾಂಸದ ಅಂಗಡಿಯವರೊಬ್ಬರಿದ್ದರು, ಹೆಣಗಳು ತಿನ್ನುವ ಮಾಂಸ ಅವರ ಕಡೆಯಿಂದ ಬಂತು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಝಾಂಬಿ ಸಿನಿಮಾ ಬಂದರೂ ಅದರ ವಂಶವೃಕ್ಷ ಆ ತೋಟದ ಮನೆಗೇ ಹೋಗಿ ಮುಟ್ಟುತ್ತೆ. ನಾಯಕನ ಪಾತ್ರದಲ್ಲಿ ಕಪ್ಪುವರ್ಣೀಯ ನಟ ಡ್ವೇನ್ ಜೋನ್ಸ್. ಅಮೆರಿಕದಲ್ಲಿ, ಅದೂ 1968ರಲ್ಲಿ. ರಾತ್ರಿಯೆಲ್ಲ ಹೆಣಗಳ ಜೊತೆ ಹೋರಾಡಿ ಬದುಕುಳಿದವನನ್ನು ಬೆಳಗ್ಗೆ ಬಂದ ಬಂದೂಕಿನವರು ಹೆಣ ಅಂದುಕೊಂಡು ಕೊಲ್ಲುತ್ತಾರೆ. ಆ ಕೊನೆಯನ್ನು ಬದಲಾಯಿಸಿ ಅಂತ ಕೇಳಿದ ವಿತರಕರಿದ್ದರು. ಬದಲಾಯಿಸಲಿಲ್ಲ. ಸ್ಟುಡಿಯೋ ದುಡ್ಡಾಗಿದ್ದರೆ ಆ ಕೊನೆ ಉಳೀತಿತ್ತು ಅಂತ ನನಗನ್ನಿಸಲ್ಲ.

ನಮ್ಮಲ್ಲಿ 'ಲೂಸಿಯಾ'. ನಿರ್ಮಾಪಕರು ಸಿಗದೆ ಪವನ್ ಕುಮಾರ್ ಬ್ಲಾಗಿನಲ್ಲಿ ಬರೆದರು, ಸಿನಿಮಾ ನೋಡುವ ಜನರೇ ದುಡ್ಡು ಹಾಕಿದರು: 110 ಜನ, ಸುಮಾರು 50 ಲಕ್ಷ. 2013ರಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲ್‌ನಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಬಂತು. ಇದೆಲ್ಲ ಎಲ್ಲರಿಗೂ ಗೊತ್ತಿರೋದೇ. ನಾನು ಹೇಳಬೇಕಾದ್ದು ಬಣ್ಣದ ಬಗ್ಗೆ. ಮುಳುಗುತ್ತಿರುವ ಟಾಕೀಸೊಂದರಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ, ನಿದ್ದೆ ಬಾರದ ನಿಕ್ಕಿ. ಒಂದು ಮಾತ್ರೆ ನುಂಗಿದರೆ ನಿದ್ದೆಯ ಜೊತೆಗೆ ಇನ್ನೊಂದು ಬದುಕು, ಅದರಲ್ಲಿ ಅವನು ದೊಡ್ಡ ಸ್ಟಾರ್. ಪವನ್ ಮಾಡಿದ್ದೇನು? ಸ್ಟಾರ್‌ನ ಬದುಕಿಗೆ ಕಪ್ಪು ಬಿಳುಪು ಕೊಟ್ಟು, ಟಾರ್ಚ್ ಹುಡುಗನ ಬದುಕಿಗೆ ಬಣ್ಣ ತುಂಬಿದರು. ಬಣ್ಣ ತೆಗೆಯೋಕೆ ಬಜೆಟ್ ಬೇಡ. ಕನಸು ಯಾವುದು, ನಿಜ ಯಾವುದು ಅನ್ನೋ ಇಡೀ ಒಗಟು ಮಾತ್ರ ಆ ಒಂದು ನಿರ್ಧಾರದ ಮೇಲೆ ನಿಂತಿದೆ. ಸತೀಶ್ ನೀನಾಸಂ ಎರಡರಲ್ಲೂ ಒಂದೇ ಮನುಷ್ಯನ ಎರಡು ನೋವನ್ನು ತೋರಿಸ್ತಾರೆ. ಕೊನೆ ಬಂದಾಗ ಹಿಂದಿನದ್ದನ್ನೆಲ್ಲ ಮನಸ್ಸಿನಲ್ಲಿ ತಿರುಗಿಸಿ ನೋಡಬೇಕಾಗುತ್ತೆ.

ಇದನ್ನೆಲ್ಲ ಒಪ್ಪಿಕೊಳ್ಳೋಕೆ ಕನ್ನಡದ ಪ್ರೇಕ್ಷಕರಿಗೆ ಪಾಠ ಬೇಕಿಲ್ಲ. ಯಕ್ಷಗಾನದ ತಾಳಮದ್ದಲೆಯಲ್ಲಿ ಮಾತಾಡುವ ಅರ್ಥಧಾರಿ ವೇಷವಿಲ್ಲದೆ, ಪಂಚೆ ಶರ್ಟಿನಲ್ಲೇ ಕುರ್ಚಿ ಮೇಲೆ ಕೂತು ರಾವಣ ಆಗ್ತಾರೆ. ಭಾಗವತರ ಪದ, ಚೆಂಡೆ ಮದ್ದಲೆ, ಮಾತು. ಕೂತವರಿಗೆ ಲಂಕೆ ಕಾಣುತ್ತೆ. ಇಷ್ಟು ಕಲ್ಪನೆ ಮಾಡಿಕೊಳ್ಳಬಲ್ಲ ಜನಕ್ಕೆ 'ಗ್ರಾಫಿಕ್ಸ್ ಚೆನ್ನಾಗಿಲ್ಲದಿದ್ದರೆ ನೋಡಲ್ಲ' ಅನ್ನೋ ಹಣೆಪಟ್ಟಿ ಯಾಕೆ ಅಂಟಿಸ್ತಾರೋ.

ಸಣ್ಣ ಸಿನಿಮಾ ಅಂದ ಮಾತ್ರಕ್ಕೆ ಎಲ್ಲವೂ ಚೆನ್ನಾಗಿರಲ್ಲ, ಬಹಳಷ್ಟು ಕೆಟ್ಟದಾಗಿಯೇ ಇರುತ್ತವೆ. ನನ್ನ ಮಟ್ಟಿಗೆ ಅವು ಸೋಲೋದು ಶಬ್ದದಲ್ಲಿ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಹತ್ತು ನಿಮಿಷದಲ್ಲಿ ಕಣ್ಣು ಹೊಂದಿಕೊಳ್ಳುತ್ತೆ. ಡಬ್ಬಿಂಗ್ ತುಟಿಗೆ ಕೂರದಿದ್ದರೆ, ಕಾಡಿನ ಮಧ್ಯೆ ನಿಂತವರ ದನಿ ಸ್ಟುಡಿಯೋ ಕೋಣೆಯದ್ದಾಗಿದ್ದರೆ, ಭಯ ಅಲ್ಲೇ ಸತ್ತುಹೋಗುತ್ತೆ. 1999ರ 'ಬ್ಲೇರ್ ವಿಚ್ ಪ್ರಾಜೆಕ್ಟ್'ನಲ್ಲಿ ಮಾಟಗಾತಿ ಒಮ್ಮೆಯೂ ಕಾಣಲ್ಲ. ಡೇರೆಯೊಳಗೆ ಮಲಗಿದವರಿಗೆ ಆಚೆಯಿಂದ ಏನೋ ಕೇಳಿಸುತ್ತೆ, ಅಷ್ಟಕ್ಕೇ ಮೈ ಜುಮ್ಮೆನ್ನುತ್ತೆ. ಡ್ರೋನ್ ಶಾಟಿಗೆ ಇಟ್ಟ ದುಡ್ಡನ್ನು ಒಬ್ಬ ಒಳ್ಳೆ ಸೌಂಡ್ ರೆಕಾರ್ಡಿಸ್ಟ್‌ಗೆ ಕೊಡಿ ಅಂತ ಹೊಸ ಹುಡುಗರಿಗೆಲ್ಲ ಹೇಳಬೇಕು ಅನ್ನಿಸುತ್ತೆ. ಎರಡನೇ ದೋಷ, ನಾಯಕನಿಗೆ ಇಂಟ್ರೊ ಫೈಟ್, ಮಧ್ಯೆ ಒಂದು ಡ್ಯುಯೆಟ್ ಇರಲೇಬೇಕು ಅಂತ ದೊಡ್ಡ ಸಿನಿಮಾದ ಸಾಮಾನನ್ನು ತಂದು ಸಣ್ಣ ಮನೆಯಲ್ಲಿ ತುರುಕೋದು.

2024ರಲ್ಲಿ ಶ್ರೀನಿಧಿ ಬೆಂಗಳೂರು ಅವರ 'ಬ್ಲಿಂಕ್' ಬಂತು. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಕಾಲದಲ್ಲಿ ಪಯಣ ಅನ್ನೋದು ಅದರ ಎಳೆ. ಎಂಥ ಚಂದದ ನಿಯಮ ನೋಡಿ. ಟೈಮ್ ಮಷೀನ್ ಕಟ್ಟೋ ಖರ್ಚೇ ಇಲ್ಲ, ನಟನ ಕಣ್ಣೊಂದು ಸಾಕು. ನೋಡ್ತಾ ನೋಡ್ತಾ ನಾವೂ ಕಣ್ಣು ಮಿಟುಕಿಸೋಕೆ ಹಿಂಜರೀತೀವಿ. ಇಂಥದ್ದು ಕನ್ನಡದಲ್ಲಿ ಆಗುತ್ತಿದೆ ಅನ್ನೋದಕ್ಕೆ ನನಗೆ ನಿಜವಾಗಲೂ ಹೆಮ್ಮೆ.

ಕಷ್ಟ ಇರೋದು ಥಿಯೇಟರಿನಲ್ಲಿ. ಇಂಥ ಸಿನಿಮಾಗಳಿಗೆ ಮಲ್ಟಿಪ್ಲೆಕ್ಸಿನಲ್ಲಿ ಸಿಗೋದು ಬೆಳಗ್ಗಿನ ಒಂದು ಶೋ, ಇಲ್ಲವೇ ರಾತ್ರಿ ಕೊನೆಯದು. ಮೊದಲ ಮೂರು ದಿನ ಸೀಟು ತುಂಬಲಿಲ್ಲ ಅಂದರೆ ಅದೂ ಹೋಯಿತು. ಓಟಿಟಿಯವರು ಥಿಯೇಟರಿನ ಲೆಕ್ಕ ನೋಡಿ ಬೆಲೆ ಕಟ್ತಾರೆ. 'ಓಟಿಟಿಗೆ ಬಂದಾಗ ನೋಡ್ತೀನಿ' ಅಂದುಕೊಂಡು ನಾವು ಮನೆಯಲ್ಲಿ ಕೂತರೆ ಆ ಸಿನಿಮಾ ಓಟಿಟಿಗೂ ಬರದೆ ಹೋಗಬಹುದು. 2025ರಲ್ಲಿ 'ಸು ಫ್ರಮ್ ಸೋ' ಬಾಯಿಂದ ಬಾಯಿಗೆ ಹಬ್ಬಿ ಶೋಗಳು ಹೆಚ್ಚುತ್ತಾ ಹೋದದ್ದನ್ನು ಎಲ್ಲರೂ ನೋಡಿದ್ದೀವಿ. ದೆವ್ವದ ಕತೆ, ಕರಾವಳಿಯ ಒಂದು ಹಳ್ಳಿ, ದೊಡ್ಡ ಸ್ಟಾರ್ ಹೆಸರಿನ ಆಸರೆ ಬೇಕಾಗಲಿಲ್ಲ.

ಹಾಗಾಗಿ ಕೇಳ್ಕೊಳ್ಳೋದು ಇಷ್ಟೇ: ಹೊಸಬರ ಹಾರರ್ರೋ ಸೈಫೈಯೋ ಬಂದರೆ ಶುಕ್ರವಾರ ಇಲ್ಲವೇ ಶನಿವಾರವೇ ಹೋಗಿ ನೋಡಿ. ಚೆನ್ನಾಗಿಲ್ಲದಿದ್ದರೆ ಯಾಕೆ ಚೆನ್ನಾಗಿಲ್ಲ ಅಂತ ಬಿಡಿಸಿ ಬರೆಯಿರಿ, ಮಾಡಿದವರಿಗೂ ಅದು ಬೇಕು. ಚೆನ್ನಾಗಿದ್ದರೆ ಭಾನುವಾರ ಸಂಜೆಯೊಳಗೆ ನಾಲ್ಕು ಜನಕ್ಕೆ ಫೋನ್ ಮಾಡಿ ಹೇಳಿ, ಸೋಮವಾರಕ್ಕೆ ಆ ಶೋ ಇರುತ್ತೋ ಇಲ್ಲವೋ.