ಫೆಬ್ರವರಿ 29ರ ಹಾಲು

2023ರ ಫೆಬ್ರವರಿಯಲ್ಲಿ 29 ದಿನ ಇತ್ತು. ನಿಮಗೆ ಗೊತ್ತಾಗಿರಲಿಕ್ಕಿಲ್ಲ, ಯಾಕೆಂದರೆ ಅದು ಇದ್ದದ್ದು ಡೇಟಾಬೇಸಿನಿಂದ ಲೆಕ್ಕ ತೆಗೆಯಲು ನಾನು ಬರೆದ ಕ್ವೆರಿಯೊಳಗೆ ಮಾತ್ರ.

ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬೆಳಗ್ಗೆ ಮನೆಬಾಗಿಲಿಗೆ ಹಾಲು ಹಾಕುವ ಆಪ್. ಡೇಟಾಬೇಸ್ ನೋಡಿಕೊಳ್ಳುವವನು, ಬಿಲ್ ಮಾಡುವವನು, ಬಿಲ್ ತಪ್ಪಾದಾಗ ಫೋನೆತ್ತಿ ಬೈಸಿಕೊಳ್ಳುವವನು, ಮೂರೂ ನಾನೇ. ಮಾರ್ಚ್ ಮೊದಲ ವಾರ ಬಸವನಗುಡಿಯಿಂದ ಒಬ್ಬರು ವಯಸ್ಸಾದ ಅಮ್ಮ ಫೋನ್ ಮಾಡಿದರು.

"ಏನಪ್ಪಾ, ಫೆಬ್ರವರಿಗೆ 29 ಪ್ಯಾಕೆಟ್ ಅಂತ ಬಿಲ್ ಕಳಿಸಿದ್ದೀರಿ. ಈ ವರ್ಷ ಲೀಪ್ ಇಯರ್ ಅಲ್ವಲ್ಲ?"

"ಅದು ಸಿಸ್ಟಂ ಲೆಕ್ಕ ಅಮ್ಮಾ, ತಪ್ಪಾಗಲ್ಲ" ಅಂದೆ.

"ನಿಮ್ಮ ಸಿಸ್ಟಂ ಹಾಗಿರಲಿ. ನಾನು ಕ್ಯಾಲೆಂಡರಲ್ಲಿ ದಿನಾ ಟಿಕ್ ಹಾಕ್ತೀನಿ. ಇಪ್ಪತ್ತೆಂಟೇ ಇರೋದು."

ಆ ಕ್ಯಾಲೆಂಡರ್ ನಾನು ನೋಡಿಲ್ಲ, ಆದರೂ ಕಣ್ಣಿಗೆ ಕಟ್ಟಿತು. ಅಡುಗೆಮನೆ ಗೋಡೆ, ಮೊಳೆಗೆ ದಾರದಲ್ಲಿ ಕಟ್ಟಿದ ಪೆನ್ನು, ಹಾಲಿನ ಟಿಕ್ಕು, ಸಿಲಿಂಡರ್ ಬುಕ್ ಮಾಡಿದ ದಿನ, ಕೆಲಸದವಳು ಬಾರದ ದಿನಕ್ಕೊಂದು ದುಂಡು. ನಮ್ಮಮ್ಮನ ಮನೆಯಲ್ಲೂ ಹಾಗೇ. ಬ್ಯಾಕಪ್ ಇಲ್ಲ, ಪಾಸ್‌ವರ್ಡ್ ಇಲ್ಲ, ಇವತ್ತಿನವರೆಗೆ ಒಂದು ಬಗ್ಗೂ ಇಲ್ಲ.

ಸುಮ್ನೆ ಅವರ ಸಮಾಧಾನಕ್ಕೆ ಅಂತ ಡೇಟಾ ತೆಗೆದು ನೋಡಿದೆ. ನಿಜಕ್ಕೂ 29. ಮಧ್ಯದಲ್ಲಿ ಒಂದು ದಿನ ಎರಡು ಪ್ಯಾಕೆಟ್ ಬೇರೆ ಬಿದ್ದಿದೆ. ಹಾಲಿನ ಹುಡುಗನ ಮೇಲೆ ಅನುಮಾನಪಟ್ಟು ಅವನಿಗೆ ಫೋನ್ ಮಾಡಿ, ಅವನ ಕೈಲಿ ನಾಲ್ಕು ಮಾತು ಕೇಳಿ, ಆಮೇಲೆ ಹೊಳೆಯಿತು. ನಮ್ಮ ಸರ್ವರ್ ಹೊತ್ತು ಬರೆದಿಡುತ್ತಿದ್ದದ್ದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಅಳತೆಯಾದ ಹೊತ್ತಿನಲ್ಲಿ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅಂದರೆ ಸರ್ವರಿಗೆ ನಡುರಾತ್ರಿ ಹನ್ನೆರಡಾಗಿ ತಾರೀಖು ಬದಲಾಗುವುದು ನಮಗೆ ಬೆಳಗಿನ ಐದೂವರೆಗೆ.

ಸೀರೆ ಅಂಗಡಿಯವರಾಗಿದ್ದರೆ ಇದರಿಂದ ಏನೂ ಆಗುತ್ತಿರಲಿಲ್ಲ, ಆ ಹೊತ್ತಲ್ಲಿ ಯಾರು ಸೀರೆ ತಗೋತಾರೆ? ನಾವು ಹಾಲಿನವರು. ನಮ್ಮ ಹುಡುಗರು ಮನೆಮನೆಗೆ ಹೋಗುವುದೇ ಐದರಿಂದ ಆರು. ಆ ಅಮ್ಮನ ಬೀದಿಗೆ ಮೊದಲು 5:40ಕ್ಕೆ ಬರುತ್ತಿದ್ದ ಹುಡುಗ ತಿಂಗಳ ನಡುವೆ ಕೆಲಸ ಬಿಟ್ಟ, ಹೊಸಬ 5:20ಕ್ಕೇ ಹಾಕಿ ಹೋಗತೊಡಗಿದ. ಹಳಬ ಹಾಕಿದ್ದು ಅದೇ ದಿನದ ಲೆಕ್ಕಕ್ಕೆ, ಹೊಸಬ ಹಾಕಿದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ. ಅವನು ಸೇರಿದ ದಿನದ ಹಾಲು ಹಿಂದಿನ ದಿನದ ಪ್ಯಾಕೆಟ್ ಪಕ್ಕ ಹೋಗಿ ಕೂತಿತು, ಮಾರ್ಚ್ 1ರ ಹಾಲು ಫೆಬ್ರವರಿಗೆ ನುಗ್ಗಿತು. ಬೆಳಗ್ಗೆ ಬೇಗ ಎದ್ದಿದ್ದಷ್ಟೇ ಪಾಪ ಆ ಹುಡುಗನ ತಪ್ಪು.

ಇಲ್ಲಿ ನಮ್ಮಜ್ಜಿಯ ವಿಷಯ ಹೇಳಲೇಬೇಕು. ನಾನು ಹುಟ್ಟಿದ್ದು ಒಂದು ಮಂಗಳವಾರ, ಬೆಳಗಿನ ಜಾವ 4:40ಕ್ಕೆ. ಬರ್ತ್ ಸರ್ಟಿಫಿಕೇಟೂ ಅದನ್ನೇ ಹೇಳುತ್ತದೆ. ಅಜ್ಜಿ ಮಾತ್ರ ಒಪ್ಪಲ್ಲ. ಸೂರ್ಯ ಹುಟ್ಟೋ ತನಕ ಹಿಂದಿನ ವಾರವೇ, ಪಂಚಾಂಗ ನೋಡು, ನೀನು ಸೋಮವಾರದವನು ಅಂತ ಅವಳ ವಾದ. ಮೂವತ್ತು ವರ್ಷದಿಂದ ಈ ಜಗಳ ನಡೆದಿದೆ. ಈಗ ಲೆಕ್ಕ ಹಾಕಿ ನೋಡಿದರೆ ಸರ್ವರ್ ಕೂಡ ನನ್ನನ್ನು ಸೋಮವಾರ ರಾತ್ರಿ 11:10ಕ್ಕೇ ಹುಟ್ಟಿಸಿಬಿಡುತ್ತದೆ! ಅಜ್ಜಿಯ ಸೂರ್ಯ ಋತು ನೋಡಿಕೊಂಡು ಆರರ ಆಸುಪಾಸಿನಲ್ಲಿ ಬರುತ್ತಾನೆ, ಸರ್ವರಿನ ಸೂರ್ಯ ವರ್ಷಪೂರ್ತಿ ಐದೂವರೆಗೆ, ಅಷ್ಟೇ ವ್ಯತ್ಯಾಸ.

ಸರಿ, ರಿಪೇರಿ ಶುರು ಮಾಡಿದೆ. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್. ಅದರಲ್ಲಿ ಹೊತ್ತು ಬದಲಾಯಿಸಲು ಕನ್ವರ್ಟ್ ಟಿಝೆಡ್ ಅಂತ ಒಂದು ಫಂಕ್ಷನ್ ಇದೆ. ಅದಕ್ಕೆ ಠೀವಿಯಿಂದ ನಮ್ಮ ಟೈಮ್‌ಝೋನ್ 'ಏಷ್ಯಾ/ಕೋಲ್ಕತಾ' ಅಂತ ಹೆಸರು ಕೊಟ್ಟೆ. ಇಡೀ ಬೆಂಗಳೂರಿನ ಹಾಲು ಮಾಯ. ಎಲ್ಲರ ಬಿಲ್ಲೂ ಸೊನ್ನೆ. ಟೈಮ್‌ಝೋನ್ ಹೆಸರುಗಳ ಟೇಬಲ್‌ಗಳನ್ನು ನಾವೇ ಮೊದಲು ತುಂಬಿರಬೇಕಂತೆ, ಇಲ್ಲದಿದ್ದರೆ ಆ ಫಂಕ್ಷನ್ ಎರರ್ ಕೊಡಲ್ಲ, ಜಗಳ ಆಡಲ್ಲ, ತೆಪ್ಪಗೆ ನಲ್, ಅಂದರೆ 'ಏನೂ ಇಲ್ಲ' ಅಂತ ಕೊಟ್ಟು ಕೂರುತ್ತದೆ. ಹೆಸರು ಬಿಟ್ಟು '+05:30' ಅಂತ ಬರೆದ ಮೇಲೆ ಹಾಲು ವಾಪಸ್ ಬಂತು.

ಇಷ್ಟಕ್ಕೇ ಕೈ ತೊಳೆದುಕೊಳ್ಳಬೇಕಿತ್ತು. ಹುಮ್ಮಸ್ಸಲ್ಲಿ ಪೂರ್ತಿ ಕ್ವೆರಿಯನ್ನೇ ಹೊಸದಾಗಿ ಬರೆದು, ಮಾರ್ಚ್ 1 ಮತ್ತು 31ರ ನಡುವೆ ಅಂತ ಬಿಟ್ವೀನ್ ಹಾಕಿದೆ. ಓದಿದರೆ ಎಷ್ಟು ಚೆಂದ ಕೇಳುತ್ತೆ ಅಲ್ವಾ? ಆದರೆ ಗಂಟೆ ಹೇಳದೆ ಬರೀ 31 ಅಂದರೆ ಡೇಟಾಬೇಸಿಗೆ ಅದು 31ರ ಸೊನ್ನೆ ಗಂಟೆ ಸೊನ್ನೆ ನಿಮಿಷ. ಅಲ್ಲಿಗೆ ಗೇಟು ಬಂದ್. 31ರ ಬೆಳಗ್ಗೆ ಬಂದ ಹಾಲೆಲ್ಲ ಹೊರಗೇ ಉಳಿಯಿತು, ಎಲ್ಲರಿಗೂ 30 ಪ್ಯಾಕೆಟ್ ಬಿಲ್ ಹೋಯಿತು. ಫೋನು ಮಾತ್ರ ತಣ್ಣಗಿತ್ತು. ಒಂದೇ ಒಂದು ಕರೆ ಬಂತು.

"ಮಾರ್ಚಿಗೆ ಮೂವತ್ತೊಂದು ದಿನ ಕಣಪ್ಪಾ" ಅಂದರು ಅದೇ ಅಮ್ಮ. "ಒಂದು ದಿನದ್ದು ಬಿಟ್ಟಿದ್ದೀರಿ. ನನಗೆ ಯಾರ ಹಾಲೂ ಪುಕ್ಕಟೆ ಬೇಡ."

ನಾಚಿಕೆಯಾಯಿತು. 'ಮಾರ್ಚ್ 1ರಿಂದ ಹಿಡಿದು, ಏಪ್ರಿಲ್ 1ಕ್ಕಿಂತ ಮೊದಲು' ಅಂತ ಬದಲಾಯಿಸಿದೆ. ಈಗಲೂ ಹಾಗೇ ಬರೆಯುತ್ತೇನೆ. ಬಿಟ್ವೀನ್ ಕಂಡರೆ ಆ ಅಮ್ಮನ ದನಿ ಕೇಳುತ್ತದೆ.

ಅದೇ ತಿಂಗಳ ಇನ್ನೊಂದು ಕಥೆ ಯಾರೂ ಫೋನ್ ಮಾಡದೆ ಇದ್ದದ್ದರಿಂದ ತಡವಾಗಿ ಗೊತ್ತಾಯಿತು. ಊರಿಗೆ ಹೋಗುವವರು ಹಾಲು ನಿಲ್ಲಿಸಿದರೆ ಅಷ್ಟು ದಿನದ ದುಡ್ಡು ಕಳೆಯಬೇಕು. ನಾನು ಒಂದು ತಾರೀಖಿನಿಂದ ಇನ್ನೊಂದನ್ನು ನೇರವಾಗಿ ಮೈನಸ್ ಮಾಡಿದ್ದೆ. ಫೆಬ್ರವರಿ 10ರಿಂದ 20 ಹಾಕಿ ಪರೀಕ್ಷಿಸಿದರೆ ಹತ್ತು ಬಂತು, ಇನ್ನೇನು ಬೇಕು? ಆದರೆ ಮೈಎಸ್‌ಕ್ಯೂಎಲ್ ಹಾಗೆ ಕಳೆಯುವಾಗ ತಾರೀಖನ್ನು ತಾರೀಖು ಅಂತ ನೋಡುವುದೇ ಇಲ್ಲ, ಫೆಬ್ರವರಿ 28ರಿಂದ ಮಾರ್ಚ್ 1 ಅಂದರೆ ಅಂಕಿಗಳನ್ನು ಸಾಲಾಗಿ ಅಂಟಿಸಿ 20230301ರಲ್ಲಿ 20230228 ಕಳೆಯುತ್ತದೆ. ಬೇಕಾದರೆ ಕಳೆದು ನೋಡಿ, 73. ಒಂದು ರಾತ್ರಿಗೆ ಊರಿಗೆ ಹೋಗಿಬಂದವರಿಗೆ 73 ದಿನದ ರಜೆ! ಕೆಲವರ ಬಿಲ್ಲು ಮೈನಸ್ಸಿಗಿಳಿದು ನಾವೇ ಅವರಿಗೆ ದುಡ್ಡು ಕೊಡಬೇಕು ಅಂತಾಗಿತ್ತು. ಇದು ಹೊಸ ವರ್ಷದವರೆಗೆ ಸಿಕ್ಕದೇ ಹೋಗಿದ್ದರೆ ಡಿಸೆಂಬರ್ 31ರಿಂದ ಜನವರಿ 1ಕ್ಕೆ 8870 ದಿನ ಆಗುತ್ತಿತ್ತು, ಅಂದರೆ 24 ವರ್ಷ ಪುಕ್ಕಟೆ ಹಾಲು. ಡೇಟ್‌ಡಿಫ್ ಅಂತ ಒಂದು ಫಂಕ್ಷನ್ ಇದಕ್ಕೆಂದೇ ಇದೆ. ಇಲ್ಲಿ ಕೊನೆಯ ತಾರೀಖು ಮೊದಲು ಕೊಡಬೇಕು. ಮುಂದಿನ ಕೆಲಸದಲ್ಲಿ ಎಸ್‌ಕ್ಯೂಎಲ್ ಸರ್ವರ್ ಅನ್ನುವ ಬೇರೆ ಡೇಟಾಬೇಸ್ ಸಿಕ್ಕಿತು, ಅಲ್ಲಿ ಅದೇ ಹೆಸರಿನ ಫಂಕ್ಷನ್ನಿಗೆ ಶುರುವಿನ ತಾರೀಖು ಮೊದಲು. ಅಲ್ಲೇನಾಯಿತು ಅಂತ ಇನ್ನೊಮ್ಮೆ ಹೇಳುತ್ತೇನೆ.

ಯುಗಾದಿಗೆ ಊರಿಗೆ ಹೋಗುವಷ್ಟರಲ್ಲಿ ಮೊದಲ ರಿಪೇರಿ ಮುಗಿದಿತ್ತು. ಒಬ್ಬಟ್ಟು ತಟ್ಟುತ್ತಿದ್ದ ಅಜ್ಜಿಗೆ ಹಾಲಿನ ಕಥೆ ಹೇಳಿದೆ. ಅವಳು ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನಿಮ್ಮ ಮಿಷನ್ನು ಬೆಳಕು ಹರಿಯೋ ಹೊತ್ತಿಗೆ ದಿನ ಬದಲಾಯಿಸ್ತಿತ್ತು ಅನ್ನು."

"ಹೂಂ ಅಜ್ಜಿ."

"ಸರಿಯಾಗೇ ಇತ್ತಲ್ಲೋ. ನೀನ್ಯಾಕೆ ಹಾಳು ಮಾಡೋಕೆ ಹೋದೆ?"