ದುಬೈನ ಚಳಿ, ಬೆಂಗಳೂರಿನ ಗಾಜು

ದುಬೈನಲ್ಲಿ ಸ್ವೆಟರ್ ಬೇಕಾಗುವ ತಿಂಗಳು ಯಾವುದೆಂದು ಇಲ್ಲಿಯ ಕಚೇರಿಗಳಲ್ಲಿ ದುಡಿಯುವವರನ್ನು ಕೇಳಿದರೆ ಹೆಚ್ಚಿನವರು ಜುಲೈ ಎನ್ನುತ್ತಾರೆಯೇ ಹೊರತು ಡಿಸೆಂಬರ್ ಎನ್ನುವುದಿಲ್ಲ. ಹೊರಗೆ ಬಿಸಿಲು 45 ಡಿಗ್ರಿಯ ಆಸುಪಾಸಿನಲ್ಲಿರುವಾಗ ಒಳಗೆ ಕುಳಿತವರು ಕುರ್ಚಿಯ ಬೆನ್ನಿಗೆ ಹಾಕಿಟ್ಟ ಶಾಲನ್ನು ಎಳೆದು ಹೊದ್ದುಕೊಳ್ಳುತ್ತಾರೆ, ಮಧ್ಯಾಹ್ನದ ಬಿಡುವಿನಲ್ಲಿ ಕೈಕಾಲು ಬೆಚ್ಚಗಾಗಲೆಂದು ಐದು ನಿಮಿಷ ಬಾಗಿಲಾಚೆ ಹೋಗಿ ನಿಂತು ಬರುತ್ತಾರೆ. ಮಾಲ್‌ಗಳಲ್ಲಿ, ಸಿನಿಮಾ ಮಂದಿರಗಳಲ್ಲಿ, ಮೆಟ್ರೋ ಬೋಗಿಗಳಲ್ಲಿ ಹೆಚ್ಚುಕಡಿಮೆ ಇದೇ ಕಥೆ. ಕರಾವಳಿಯ ಸೆಕೆಯಲ್ಲಿ ಬೆಳೆದು ಇಲ್ಲಿಗೆ ಬಂದ ನನ್ನಂಥವರಿಗೆ ಮೊದಮೊದಲು ಇದು ಸುಖವಾಗಿಯೇ ಕಾಣಿಸುತ್ತದೆ. ವರ್ಷಗಳು ಕಳೆದಂತೆ ಈ ಚಳಿ ಯಾರಿಗಾಗಿ, ಇದರ ಲೆಕ್ಕ ಯಾರ ತಲೆಗೆ ಎಂಬ ಪ್ರಶ್ನೆ ಏಳುತ್ತದೆ.

ಎಸಿಯೇ ಬೇಡವೆಂದು ಹೇಳುವುದಕ್ಕೆ ನಾನು ಹೊರಟಿಲ್ಲ. ಇಲ್ಲಿಯ ಬೇಸಿಗೆಯಲ್ಲಿ ರಾತ್ರಿಯ ಉಷ್ಣಾಂಶವೂ 30 ಡಿಗ್ರಿಗಿಂತ ಕೆಳಗಿಳಿಯದ ದಿನಗಳು ಬಹಳ. ಸಮುದ್ರದಿಂದ ಬರುವ ತೇವ ಗಾಳಿಯಲ್ಲಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತನ್ನನ್ನು ತಾನು ತಂಪು ಮಾಡಿಕೊಳ್ಳುವ ದಾರಿಯೇ ಮುಚ್ಚಿದಂತೆ. ಅಂಥ ಹೊತ್ತಿನಲ್ಲಿ ಎಸಿ ಜೀವ ಉಳಿಸುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ಕಾನೂನು ಇಲ್ಲಿರುವುದು ಈ ಕಾರಣಕ್ಕೆ. ನಮ್ಮ ಕಲಬುರಗಿ, ರಾಯಚೂರುಗಳ ಏಪ್ರಿಲ್-ಮೇ ತಿಂಗಳ ಬಿಸಿಲೂ ಕಡಿಮೆಯದಲ್ಲ. ಅಲ್ಲಿಯ ಸರ್ಕಾರಿ ಕಚೇರಿಗಳ ವೇಳೆಯನ್ನು ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುವ ಪದ್ಧತಿ ಬಹುಕಾಲದಿಂದ ಇದೆ. ಯಂತ್ರದ ಗುಂಡಿ ಒತ್ತುವ ಮೊದಲು ಗಡಿಯಾರವನ್ನು ಹೊಂದಿಸಿಕೊಳ್ಳುವ ಈ ವಿವೇಕ ಬೇರೆ ಕಡೆಯವರೂ ಗಮನಿಸಬೇಕಾದದ್ದು. ನನ್ನ ತಕರಾರು ಏನಿದ್ದರೂ ನವೆಂಬರಿನಿಂದ ಮಾರ್ಚ್‌ವರೆಗೆ, ಕಿಟಕಿ ತೆರೆದರೆ ಸಾಕಾಗುವ ಐದು ತಿಂಗಳೂ ಓಡುವ ಎಸಿಯ ಬಗ್ಗೆ, ಮತ್ತು 25 ಡಿಗ್ರಿ ಸಾಕಾಗುವಲ್ಲಿ 19ಕ್ಕೆ ಇಳಿಸುವ ಅಭ್ಯಾಸದ ಬಗ್ಗೆ.

ಈ ಅಭ್ಯಾಸಕ್ಕೆ ಇಲ್ಲಿ ಜನರ ಸೋಮಾರಿತನಕ್ಕಿಂತ ಬಾಡಿಗೆಯ ಕರಾರುಪತ್ರವೇ ದೊಡ್ಡ ಕಾರಣವೆಂದು ನನಗೆ ಅನ್ನಿಸಿದೆ. ದುಬೈನ ಮನೆ ಬಾಡಿಗೆಯ ಜಾಹೀರಾತುಗಳಲ್ಲಿ 'ಚಿಲ್ಲರ್ ಫ್ರೀ' ಎಂಬ ಮಾತು ದೊಡ್ಡ ಆಕರ್ಷಣೆ. ತಂಪಿನ ಖರ್ಚೆಲ್ಲ ಬಾಡಿಗೆಯೊಳಗೇ ಬಂತು, ಬೇರೆ ಬಿಲ್ ಇಲ್ಲ ಎಂದು ಅರ್ಥ. ಹಾಗಿರುವ ಮನೆಯಲ್ಲಿ ಎಸಿಯನ್ನು ಆರಿಸುವವರು ಯಾರು? ರಜೆಗೆ ಊರಿಗೆ ಹೋದವರ ಮನೆಯಲ್ಲೂ ಅದು ತಿಂಗಳುಗಟ್ಟಲೆ ಓಡುತ್ತಿರುತ್ತದೆ. ಮುಚ್ಚಿದ ಮನೆಯಲ್ಲಿ ತೇವ ನಿಂತು ಗೋಡೆಗೂ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ ಎಂಬ ಭಯ ಸುಳ್ಳಲ್ಲ, ಆದರೆ ಬೂಸ್ಟು ತಡೆಯುವುದಕ್ಕೆ 20 ಡಿಗ್ರಿ ಬೇಕಾಗಿಲ್ಲ. ಇನ್ನು ಬಡಾವಣೆಗೊಂದು ದೊಡ್ಡ ಸ್ಥಾವರದಲ್ಲಿ ನೀರನ್ನು ತಣಿಸಿ ಕೊಳವೆಗಳ ಮೂಲಕ ಕಟ್ಟಡಗಳಿಗೆ ಹಂಚುವ ವ್ಯವಸ್ಥೆ ಇರುವಲ್ಲಿ ಲೆಕ್ಕ ಇನ್ನೊಂದು ಬಗೆಯದು. ಅಲ್ಲಿ ಬಳಸಿದ್ದಕ್ಕೆ ಒಂದು ದರವಿದ್ದರೆ, ಮನೆಗೆಂದು ಟನ್ ಲೆಕ್ಕದಲ್ಲಿ ಗೊತ್ತುಪಡಿಸಿದ ತಂಪಿನ ಸಾಮರ್ಥ್ಯಕ್ಕೆ ಇನ್ನೊಂದು ನಿಗದಿತ ಶುಲ್ಕವಿರುತ್ತದೆ; ಎಸಿ ಹಾಕಿದರೂ ಬಿಟ್ಟರೂ ಅದನ್ನು ಕಟ್ಟಲೇಬೇಕು. ಇಂಥ ಸ್ಥಾವರಗಳು ಮನೆಮನೆಯ ಯಂತ್ರಗಳಿಗಿಂತ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ತಂಪು ಕೊಡುತ್ತವೆ ಎಂಬುದು ನಿಜ. ಆದರೆ ಮಿತವಾಗಿ ಬಳಸಿದವನಿಗೆ ಬಿಲ್ಲಿನಲ್ಲಿ ಅದರ ಫಲ ಅಷ್ಟಾಗಿ ಕಾಣಿಸದಿದ್ದರೆ ಮಿತವ್ಯಯದ ಬುದ್ಧಿ ಎಷ್ಟು ದಿನ ಉಳಿದೀತು?

ಕಚೇರಿಗಳಲ್ಲಿಯಂತೂ ಉಷ್ಣಾಂಶವನ್ನು ನಿರ್ಧರಿಸುವವನು ಬೇರೆ, ಬಿಲ್ ಕಟ್ಟುವವನು ಬೇರೆ, ನಡುಗುವವನು ಬೇರೆ. ಗೋಡೆಯ ಮೇಲಿನ ನಿಯಂತ್ರಕಕ್ಕೆ ಪ್ಲಾಸ್ಟಿಕ್ ಪೆಟ್ಟಿಗೆ ಹಾಕಿ ಬೀಗ ಜಡಿದಿರುತ್ತಾರೆ; ಕೀಲಿ ಯಾವುದೋ ಮಹಡಿಯ ನಿರ್ವಹಣಾ ವಿಭಾಗದಲ್ಲಿ ಇರುತ್ತದೆ. ಸೆಕೆಯೆಂದು ದೂರು ಬಂದರೆ ಅವರ ಮೇಲೆ ಬೈಗುಳ ಬೀಳುತ್ತದೆ, ಚಳಿಯೆಂದರೆ ಶಾಲು ತಂದುಕೊಳ್ಳಿ ಎಂಬ ಉತ್ತರ ಸಿದ್ಧವಿರುತ್ತದೆ. ಆದ್ದರಿಂದ ಅವರು ಕಡಿಮೆಯ ಕಡೆಗೇ ವಾಲುತ್ತಾರೆ. ಕೋಟು-ಟೈ ಧರಿಸಿದ ಮೇಲಧಿಕಾರಿಗೆ ಹಿತವೆನಿಸುವ ಚಳಿಯಲ್ಲಿ ತೆಳು ಬಟ್ಟೆಯ ಗುಮಾಸ್ತೆ ನಡುಗುತ್ತಾಳೆ. ಒಳಾಂಗಣ ಹಿತದ ಅಂತರರಾಷ್ಟ್ರೀಯ ಮಾನದಂಡಗಳು 1960ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕ ಫ್ಯಾಂಗರ್ ಅವರು ರೂಪಿಸಿದ ಮಾದರಿಯ ಮೇಲೆ ನಿಂತಿವೆ. ಅದರಲ್ಲಿ ಮೈಯೊಳಗೆ ಹುಟ್ಟುವ ಶಾಖದ ಲೆಕ್ಕಕ್ಕೆ 70 ಕಿಲೋ ತೂಕದ, 40 ವರ್ಷದ ಗಂಡಸನ್ನು ಅಳತೆಯಾಗಿ ಇಟ್ಟುಕೊಳ್ಳಲಾಗಿದೆ ಎಂದೂ, ಹೆಂಗಸರ ಮೈಯಲ್ಲಿ ಅಷ್ಟು ಶಾಖ ಹುಟ್ಟುವುದಿಲ್ಲ ಎಂದೂ 2015ರಲ್ಲಿ ನೆದರ್ಲೆಂಡ್ಸಿನ ಸಂಶೋಧಕರು ತೋರಿಸಿದರು. ನಮ್ಮ ಕಚೇರಿಯ ಹೆಂಗಸರು ಇದನ್ನು ಯಾವ ಸಂಶೋಧನೆಯ ನೆರವೂ ಇಲ್ಲದೆ ವರ್ಷಗಳಿಂದ ಹೇಳುತ್ತಲೇ ಇದ್ದರು.

ಮೈಗೆ ಆಗುವ ತೊಂದರೆಗಳಲ್ಲಿ ಬಹುಪಾಲು ದೊಡ್ಡ ಕಾಯಿಲೆಗಳಲ್ಲ, ದಿನವೂ ಸಹಿಸಿಕೊಳ್ಳುವ ಸಣ್ಣ ಬಾಧೆಗಳು: ಕಣ್ಣು ಉರಿ, ಗಂಟಲು ಕೆರೆತ, ಒಣಗಿದ ಚರ್ಮ, ಗಾಳಿ ನೇರವಾಗಿ ಬೀಸುವ ಕಡೆ ಕುಳಿತವರಿಗೆ ಕತ್ತು ಹಿಡಿದುಕೊಳ್ಳುವುದು. ಎಸಿ ಗಾಳಿಯನ್ನು ತಣಿಸುವಾಗ ಅದರೊಳಗಿನ ತೇವವನ್ನೂ ಹಿಂಡಿ ತೆಗೆಯುವುದರಿಂದ ಈ ಒಣಗುವಿಕೆ. ಇದಕ್ಕಿಂತ ಮುಖ್ಯವಾದ ಒಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಮನೆಗಳಲ್ಲಿರುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನಿಂದ ಹೊಸ ಗಾಳಿಯನ್ನು ತರುವುದೇ ಇಲ್ಲ. ಕೋಣೆಯ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ. ಬಾಗಿಲು ಕಿಟಕಿ ಭದ್ರವಾಗಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ನಾಲ್ವರು ಮಲಗಿದರೆ ಬೆಳಗಾಗುವ ಹೊತ್ತಿಗೆ ಅವರೇ ಬಿಟ್ಟ ಉಸಿರಿನಿಂದ ಗಾಳಿ ಕೆಟ್ಟು, ತಲೆಭಾರದಿಂದ ಏಳುವಂತಾಗುತ್ತದೆ. ಅದರ ಜೊತೆಗೆ, ತಂಪಿಗೆ ಒಗ್ಗಿದ ಮೈ ಸೆಕೆಯನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಿಸಿಲಿಗೆ ಮೈ ಒಗ್ಗಲು ಒಂದೆರಡು ವಾರ ಸಾಕು, ಆ ಅಭ್ಯಾಸ ತಪ್ಪುವುದಕ್ಕೂ ಹೆಚ್ಚು ಕಾಲ ಬೇಡ. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಮೇ ತಿಂಗಳಲ್ಲಿ ಉಡುಪಿಯ ಅಜ್ಜಿ ಮನೆಗೆ ಹೋದರೆ ಮೊದಲು ಕೇಳುವುದು ಎಸಿ ಇರುವ ಕೋಣೆ ಯಾವುದೆಂದು. ಅವರಿಗಾಗಿಯೇ ಅಜ್ಜಿಯಂದಿರು ಒಂದು ಕೋಣೆಗೆ ಎಸಿ ಹಾಕಿಸಿ, ನಾವು ಮರಳಿದ ಮೇಲೆ ಅದಕ್ಕೆ ಬಟ್ಟೆ ಮುಚ್ಚಿಡುತ್ತಾರೆ.

ಪರಿಸರದ ಲೆಕ್ಕ ಮೂರು ಕಡೆ ಬರೆದಿರುತ್ತದೆ. ವಿದ್ಯುತ್ತಿನದು ಎಲ್ಲರಿಗೂ ಗೊತ್ತು. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲಿ ಹೇಳಿದ ಪ್ರಕಾರ ಜಗತ್ತಿನ ಒಟ್ಟು ವಿದ್ಯುತ್ತಿನಲ್ಲಿ ಸುಮಾರು 10 ಶೇಕಡಾ ಎಸಿ ಮತ್ತು ಫ್ಯಾನುಗಳಿಗೇ ಹೋಗುತ್ತದೆ. ಆಗ 160 ಕೋಟಿ ಇದ್ದ ಎಸಿಗಳ ಸಂಖ್ಯೆ 2050ರ ಹೊತ್ತಿಗೆ 560 ಕೋಟಿ ಆಗಬಹುದು. ಭಾರತದಲ್ಲಿ 2024ರ ಮೇ 30ರಂದು ವಿದ್ಯುತ್ ಬೇಡಿಕೆ 250 ಗಿಗಾವ್ಯಾಟ್ ಮುಟ್ಟಿ ದಾಖಲೆಯಾದದ್ದು ಉತ್ತರ ಭಾರತದ ಬಿಸಿಗಾಳಿಯ ದಿನಗಳಲ್ಲಿ. ಎರಡನೆಯ ಲೆಕ್ಕ ಬೀದಿಯಲ್ಲಿದೆ. ಎಸಿ ಚಳಿಯನ್ನು ಸೃಷ್ಟಿಸುವುದಿಲ್ಲ, ಕೋಣೆಯ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ, ಅದರ ಜೊತೆಗೆ ತಾನು ತಿಂದ ವಿದ್ಯುತ್ತಿನ ಶಾಖವನ್ನೂ ಸೇರಿಸುತ್ತದೆ. ದುಬೈನ ದೇರಾ ಬಡಾವಣೆಯ ಹಳೆಯ ಕಟ್ಟಡಗಳ ನಡುವಿನ ಓಣಿಯಲ್ಲಿ ರಾತ್ರಿ ನಡೆದು ಹೋದರೆ ಎರಡೂ ಬದಿಯ ಯಂತ್ರಗಳು ಮುಖಕ್ಕೆ ಉಗುಳುವ ಬಿಸಿಗಾಳಿಯೇ ಇದಕ್ಕೆ ಸಾಕ್ಷಿ. ಒಳಗಿನವನು ತಂಪಾಗುವುದು ಓಣಿಯಲ್ಲಿ ಸೈಕಲ್ ತುಳಿದು ಸಾಮಾನು ತಲುಪಿಸುವವನ ಖರ್ಚಿನಲ್ಲಿ. ಮೂರನೆಯದು ಕಣ್ಣಿಗೆ ಕಾಣದ್ದು: ಕೊಳವೆಯೊಳಗಿನ ಅನಿಲ. ಆರ್-410ಎ ಎಂಬ, ಬಹಳ ಎಸಿಗಳಲ್ಲಿ ಇನ್ನೂ ಇರುವ ಅನಿಲವು ಸೋರಿಹೋದರೆ ನೂರು ವರ್ಷಗಳ ಲೆಕ್ಕದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಎರಡು ಸಾವಿರ ಪಟ್ಟಿಗೂ ಹೆಚ್ಚು ಭೂಮಿಯನ್ನು ಕಾಯಿಸಬಲ್ಲದು. ಹೊಸ ಎಸಿಗಳ ಆರ್-32 ಕೂಡ ಸುಮಾರು 675 ಪಟ್ಟು. ಇಂಥ ಅನಿಲಗಳನ್ನು ಹಂತಹಂತವಾಗಿ ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಒಪ್ಪಂದವಾಯಿತು. ಭಾರತ ಕಡಿತವನ್ನು ಆರಂಭಿಸಬೇಕಾದದ್ದು 2032ರಿಂದ. ಅಲ್ಲಿಯವರೆಗೆ ಸರ್ವಿಸಿಗೆ ಬಂದವರು ಉಳಿದ ಗ್ಯಾಸನ್ನು ಸಿಲಿಂಡರಿಗೆ ಹಿಡಿಯದೆ ಗಾಳಿಗೆ ಬಿಟ್ಟು ಹೊಸದಾಗಿ ತುಂಬುವುದನ್ನು ನೋಡಿಯೂ ನಾವು ಸುಮ್ಮನಿರುತ್ತೇವೆ.

ಎಸಿ ಬರುವ ಮೊದಲು ದುಬೈನ ಜನ ಹೇಗಿದ್ದರೆಂದು ಕೇಳುವವರನ್ನು ಅಲ್ ಫಹೀದಿ ಬಡಾವಣೆಗೆ ಕರೆದುಕೊಂಡು ಹೋಗುವುದು ವಾಡಿಕೆ. ಅಲ್ಲಿಯ ಹಳೆಯ ಮನೆಗಳ ಮೇಲೆ ನಾಲ್ಕೂ ದಿಕ್ಕಿಗೆ ತೆರೆದ ಗಾಳಿಗೋಪುರಗಳಿವೆ. ಇರಾನಿನಿಂದ ಬಂದು ನೆಲೆಸಿದ ವರ್ತಕರು ತಂದ ಕಲೆ. ಬರ್ಜೀಲ್ ಎಂದು ಕರೆಯುವ ಈ ಗೋಪುರ ಯಾವ ಕಡೆಯಿಂದ ಗಾಳಿ ಬಂದರೂ ಹಿಡಿದು ಕೆಳಗಿನ ಕೋಣೆಗೆ ಇಳಿಸುತ್ತದೆ, ಬಿಸಿಗಾಳಿ ಮೇಲೇರಿ ಹೋಗಲು ದಾರಿ ಕೊಡುತ್ತದೆ. ಮೆಚ್ಚುವಂಥದ್ದೇ, ಆದರೆ ಅದನ್ನು ನೋಡಿ ಹಿಂದಿನವರು ಎಸಿ ಇಲ್ಲದೆ ಸುಖವಾಗಿದ್ದರೆಂದು ತೀರ್ಮಾನಿಸುವುದು ತಪ್ಪು. ಅನುಕೂಲವಿದ್ದವರು ಬೇಸಿಗೆ ಬಂದೊಡನೆ ಕರಾವಳಿ ಬಿಟ್ಟು ಅಲ್ ಐನ್, ಲಿವಾಗಳಂಥ ಖರ್ಜೂರದ ತೋಪುಗಳ ಕಡೆಗೆ ಹೊರಟುಬಿಡುತ್ತಿದ್ದರು. ಎಸಿ ಇಲ್ಲದಿದ್ದರೆ ಇಂದಿನ ದುಬೈ ಇರುತ್ತಿರಲಿಲ್ಲ.

ಬೆಂಗಳೂರಿನ ವಿಷಯದಲ್ಲಿ ಈ ಮಾತನ್ನು ಹೇಳಲಾಗದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ಊರು ಎಸಿ ಇಲ್ಲದೆಯೇ ಬೆಳೆದು ಹೆಸರು ಮಾಡಿದ್ದು. ರಜೆಯಲ್ಲಿ ಬಂದಾಗ ಹೊರವರ್ತುಲ ರಸ್ತೆಯ ಎರಡೂ ಕಡೆ ನಾನು ಕಾಣುವುದು ದುಬೈನ ಶೇಖ್ ಜಾಯೆದ್ ರಸ್ತೆಯ ನಕಲು: ಪಶ್ಚಿಮಕ್ಕೆ ಮುಖ ಮಾಡಿದ, ನೆಲದಿಂದ ಚಾವಣಿಯವರೆಗೆ ಗಾಜಿನ, ತೆರೆಯಲು ಒಂದು ಕಿಟಕಿಯೂ ಇಲ್ಲದ ಕಟ್ಟಡಗಳು. ಗಾಜು ಬಿಸಿಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಒಳಗೆ ಕಾದ ವಸ್ತುಗಳ ಶಾಖವನ್ನು ಹೊರಗೆ ಬಿಡುವುದಿಲ್ಲ. ಹೊರಗೆ 26 ಡಿಗ್ರಿಯ ಹಿತವಾದ ಗಾಳಿ ಬೀಸುತ್ತಿರುವ ಜನವರಿಯ ಮಧ್ಯಾಹ್ನದಲ್ಲೂ ಅದರೊಳಗೆ ಎಸಿ ಓಡಲೇಬೇಕು. ದುಬೈ ತನ್ನ ಬಿಸಿಲಿಗೆ ಎಸಿಯನ್ನು ಔಷಧಿಯಾಗಿ ತೆಗೆದುಕೊಂಡಿತು, ಬೆಂಗಳೂರು ಔಷಧಿ ಬೇಕಾಗಲೆಂದು ಕಾಯಿಲೆಯನ್ನೇ ಕಟ್ಟಿಸಿಕೊಂಡಿತು. ಬನ್ನೇರುಘಟ್ಟ ರಸ್ತೆಯಲ್ಲಿ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಕಟ್ಟಿದ ಐಐಎಂ ಆವರಣ ಅದೇ ಊರಿನಲ್ಲಿದೆ. ಒರಟು ಕಲ್ಲಿನ ಗೋಡೆಗಳು, ಬಳ್ಳಿ ಹಬ್ಬಿದ ಚಪ್ಪರದಂಥ ಓಣಿಗಳು, ನಡುನಡುವೆ ಅಂಗಳ. ಬೆಂಗಳೂರಿನ ಹವೆಯನ್ನು ಬಲ್ಲವರು ಕಟ್ಟಿದರೆ ಹೇಗಿರುತ್ತದೆ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ಗೆಳೆಯರಿಗೆ ಈ ಮಾತು ಹೇಳಿದರೆ, ಊರು ಮೊದಲಿನಂತಿಲ್ಲ ಎನ್ನುತ್ತಾರೆ. ಅದೂ ಸರಿಯೇ. 2016ರ ಏಪ್ರಿಲ್ 24ರಂದು ಅಲ್ಲಿ 39.2 ಡಿಗ್ರಿ ದಾಖಲಾಯಿತು. ಕೆರೆಗಳೂ ಸಾಲುಮರಗಳೂ ಹೋದ ಕಡೆ ಕಾಂಕ್ರೀಟು ರಾತ್ರಿಯಿಡೀ ಕಾವು ಬಿಡುತ್ತದೆ. ಅವರು ಕೊಡುವ ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ಕಿಟಕಿ ತೆರೆದರೆ ಧೂಳು, ಹಾರ್ನ್‌ಗಳ ಗದ್ದಲ, ಸಂಜೆಯಾದರೆ ಸೊಳ್ಳೆ. ಸೆಕೆಗಿಂತ ಇವುಗಳ ಕಾಟಕ್ಕೇ ಜನ ಕಿಟಕಿ ಮುಚ್ಚಿ ಎಸಿ ಹಾಕುತ್ತಾರೆ. ಹಾಗಾದರೆ ಎಸಿಯ ಬಿಲ್ಲಿನಲ್ಲಿ ಒಂದು ಪಾಲು ಕಸ ಗುಡಿಸದ ರಸ್ತೆಗೆ, ಮುಚ್ಚದ ಚರಂಡಿಗೆ ನಾವು ಕಟ್ಟುತ್ತಿರುವ ದಂಡ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ದುಬೈನ ವಿದ್ಯುತ್ ಮತ್ತು ನೀರು ಪ್ರಾಧಿಕಾರ 24 ಡಿಗ್ರಿಗೆ ಇಡಿ ಎಂದು ಪ್ರತಿ ಬೇಸಿಗೆಯಲ್ಲೂ ಹೇಳುತ್ತದೆ. ಭಾರತದಲ್ಲಿ 2020ರ ಜನವರಿಯಿಂದ ಸ್ಟಾರ್ ಗುರುತಿನ ಕೋಣೆ ಎಸಿಗಳು 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮ ಬಂದಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಜಪಾನ್ 2005ರಲ್ಲೇ ಕಚೇರಿಗಳಲ್ಲಿ 28 ಡಿಗ್ರಿ ಇರಲೆಂದು ಹೇಳಿ, ಅದರ ಜೊತೆಗೆ ಕೋಟು-ಟೈ ಬೇಡವೆಂದೂ ಹೇಳಿತು. ಬಟ್ಟೆಯನ್ನು ಬಿಟ್ಟು ಬರಿಯ ಅಂಕಿಯನ್ನು ಬದಲಾಯಿಸಲು ಹೊರಟಿದ್ದರೆ ಅದು ನಡೆಯುತ್ತಿರಲಿಲ್ಲ. 2025ರ ಜೂನ್‌ನಲ್ಲಿ ನಮ್ಮ ಕೇಂದ್ರ ಸಚಿವರು ಎಸಿಗಳನ್ನು 20ರಿಂದ 28 ಡಿಗ್ರಿಯ ನಡುವೆ ಕಟ್ಟಿಹಾಕುವ ಯೋಚನೆಯನ್ನು ಪ್ರಕಟಿಸಿದಾಗ ಜಾಲತಾಣಗಳಲ್ಲಿ ಗದ್ದಲವೋ ಗದ್ದಲ. ನನಗೆ ಆ ಗದ್ದಲವೂ ಅರ್ಥವಾಗಲಿಲ್ಲ, ಆ ಯೋಚನೆಯಿಂದ ದೊಡ್ಡ ಲಾಭವಾದೀತೆಂದೂ ಅನ್ನಿಸಲಿಲ್ಲ. ಫ್ಯಾನ್ ಹಾಕಿಕೊಂಡು 26ರಲ್ಲಿ ಆರಾಮಾಗಿ ಮಲಗುವವನಿಗೆ ನಿಯಮ ಬೇಡ. ಗಾಜಿನ ಪೆಟ್ಟಿಗೆಯಲ್ಲಿ ಕುಳಿತವನಿಗೆ 20 ಆದರೂ ಸಾಲದು. ಮಿತಿ ಹಾಕಬೇಕಾದದ್ದು ನಕ್ಷೆಗೆ ಒಪ್ಪಿಗೆ ಕೊಡುವ ಮೇಜಿನ ಬಳಿ, ಪಶ್ಚಿಮದ ಗೋಡೆಯಲ್ಲಿ ಎಷ್ಟು ಗಾಜು, ಅದಕ್ಕೆ ನೆರಳು ಎಲ್ಲಿಂದ, ತೆರೆಯುವ ಕಿಟಕಿ ಎಷ್ಟು ಎಂದು ಕೇಳುವ ಹೊತ್ತಿನಲ್ಲಿ. ಇಲ್ಲಿ ದುಬೈನಲ್ಲಿಯಾದರೆ 'ಚಿಲ್ಲರ್ ಫ್ರೀ' ಕರಾರುಗಳನ್ನು ಬಿಟ್ಟು ಪ್ರತಿ ಮನೆಗೂ ಅದರದೇ ಮೀಟರ್ ಹಾಕಿದ ದಿನ, ಯಾರ ಉಪದೇಶವೂ ಇಲ್ಲದೆ ಅಂಕಿ ತಾನಾಗಿ ಮೇಲೇರುತ್ತದೆ.

ಬೆಂಗಳೂರಿನಲ್ಲಿ ಫ್ಲಾಟ್ ಕೊಳ್ಳಲು ಹೊರಟ ನನ್ನ ತಂಗಿಗೆ ಕಳೆದ ಸಲ ಕೆಲವು ಪ್ರಶ್ನೆಗಳನ್ನು ಬರೆದುಕೊಟ್ಟಿದ್ದೆ. ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆಯೇ, ಎದುರುಬದುರು ಕಿಟಕಿಗಳಿವೆಯೇ, ಕಿಟಕಿಗೆ ಸೊಳ್ಳೆಪರದೆಯ ಚೌಕಟ್ಟು ಕೂರುತ್ತದೆಯೇ, ಮೇಲಿನ ಮಹಡಿಯಾದರೆ ಚಾವಣಿಗೆ ಬಿಸಿಲು ತಡೆಯುವ ಪದರವಿದೆಯೇ ಎಂಬಂಥವು. ಹಳೆಯ ಫ್ಯಾನು 75 ವ್ಯಾಟ್ ಎಳೆಯುವಲ್ಲಿ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕೆಂದೂ, ಒಂದೂವರೆ ಟನ್ನಿನ ಎಸಿ ಪೂರ್ತಿ ಓಡುವಾಗ ಸುಮಾರು ಒಂದೂವರೆ ಸಾವಿರ ವ್ಯಾಟ್ ಬೇಡುತ್ತದೆಂದೂ ಕೆಳಗೆ ಬರೆದಿದ್ದೆ. ಮಾದರಿ ಮನೆ ತೋರಿಸಿದ ಹುಡುಗನಿಗೆ ಕಿಟಕಿ, ಗೋಡೆ, ಚಾವಣಿಯ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಗೊತ್ತಿರಲಿಲ್ಲವಂತೆ. "ಎಸಿ ಪಾಯಿಂಟ್ ಎಲ್ಲಾ ರೂಮಿಗೂ ಕೊಟ್ಟಿದ್ದೀವಿ ಮೇಡಂ, ಹಾಲ್‌ಗೂ ಇದೆ" ಎಂದನಂತೆ.